ನೆಡ್ ಕೆಲಿ: ಬಾಳಿನಲ್ಲಿ ಮತ್ತು ಬೆಳ್ಳಿತೆರೆಯಲ್ಲಿ

೧೯೦೬ನೆಯ ಇಸವಿ ಡಿಸೆಂಬರ್ ೨೬ರಂದು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಅಥೀನಿಯಂ ಸಭಾಂಗಣದಲ್ಲಿ ಒಂದು ಹೊಸ ನೋಟಕ್ಕಾಗಿ ಜನ ನೆರೆದಿದ್ದರು. ಆ ಕಾಲದ ಚಲಚ್ಚಿತ್ರಗಳು ಐದು ಹತ್ತು ನಿಮಿಷಗಳಲ್ಲಿ ಮುಗಿದುಹೋಗುತ್ತಿದ್ದ ತುಣುಕುಗಳು. ಅಂದು ತೋರಿಸಿದ ಚಿತ್ರವಾದರೋ ಒಂದು ಗಂಟೆಗೂ ಮಿಕ್ಕಿ ಓಡಿತು. ಚಾರ್ಲ್ಸ್ ಟೇಟ್ ಎಂಬಾತನು ನಿರ್ದೇಶಿಸಿದ ಆ ಚಿತ್ರದ ಹೆಸರು ‘ದಿ ಸ್ಟೋರಿ ಆಫ್ ದಿ ಕೆಲಿ ಗ್ಯಾಂಗ್’. ಜಗತ್ತಿನ ಮೊತ್ತಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ವಿದ್ವಾಂಸರು ಅದನ್ನು ಗಣಿಸುತ್ತಾರೆ. ೨೦೦೭ರಲ್ಲಿ ಯುನೆಸ್ಕೋ ಸಂಸ್ಥೆ ತನ್ನ ‘ಜಗತ್ತಿನ ಸ್ಮೃತಿ’ ಪಟ್ಟಿಗೆ ಅದನ್ನು ಸೇರಿಸಿಕೊಂಡಿತು. ಚಿತ್ರಕಲೆಯ ಈ ಹಿರಿಯ ಕೂಸು ಪುರಾಣದಿಂದಾಗಲಿ ನಾಟಕದಿಂದಾಗಲಿ ತನ್ನ ವಸ್ತುವನ್ನು ಎತ್ತಿಕೊಳ್ಳದೆ ಪೋಲೀಸರ ಕಡತದಿಂದ ಎತ್ತಿಕೊಂಡಿತೆಂಬುದು ಗಮನಿಸತಕ್ಕ ಸಂಗತಿ.

ಕಥಾನಾಯಕನನ್ನು ಅದೇ ಊರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿ ಇಪ್ಪತ್ತಾರು ವರ್ಷಗಳಾಗಿದ್ದುವು, ಅಷ್ಟೆ. ಅವನ ತಾಯಿ ಬದುಕಿದ್ದಳು, ಒಬ್ಬ ತಮ್ಮನಿದ್ದನು. ಅವನ ಗುಂಡಿನಿಂದ ತಪ್ಪಿಸಿಕೊಂಡ ಪೋಲೀಸಿನವನಿದ್ದನು. ಅವನ ಸಂಚನ್ನು ಮುರಿದ ಶಾಲಾ ಉಪಾಧ್ಯಾಯನಿದ್ದನು. ಬಾಳಿನ ಸಾಕ್ಷಿಗಳು ಇನ್ನೂ ಉಸಿರಾಡುತ್ತಿರುವಾಗಲೇ ಬೆಳ್ಳಿತೆರೆ ತನ್ನದೇ ಸಾಕ್ಷ್ಯವನ್ನು ನುಡಿಯತೊಡಗಿತ್ತು. ಅಂದಿನಿಂದ ಇಂದಿನವರೆಗೆ ನೆಡ್ ಕೆಲಿಯ ಮೇಲೆ ಹತ್ತಾರು ಚಿತ್ರಗಳು ಬಂದಿವೆ. ಅವುಗಳನ್ನು ನೋಡಿ ಮನೆಗೆ ಬಂದವನು, ಇದರಲ್ಲಿ ನಡೆದುದೆಷ್ಟು, ಕಟ್ಟಿದುದೆಷ್ಟು ಎಂದು ಕೇಳಿಕೊಳ್ಳುವುದು ಸಹಜ. ಅದಕ್ಕೆ ಉತ್ತರ ಬೇಕಾದರೆ ಮೊದಲು ಅವನ ಬಾಳನ್ನು ನೋಡಬೇಕು.

ನೆಡ್ ಕೆಲಿಯ ತಂದೆ ಜಾನ್ ಕೆಲಿ ಐರ್ಲೆಂಡಿನ ಟಿಪರರಿ ಸೀಮೆಯವನು. ಎರಡು ಹಂದಿಗಳನ್ನು ಕದ್ದನೆಂಬ ಅಪರಾಧಕ್ಕಾಗಿ ಏಳು ವರ್ಷಗಳ ಶಿಕ್ಷೆಯಾಗಿ, ಹಡಗಿನಲ್ಲಿ ತುಂಬಿಸಿಕೊಂಡು ಬಂದು ೧೮೪೨ರಲ್ಲಿ ವ್ಯಾನ್ ಡೀಮನ್ಸ್ ಲ್ಯಾಂಡಿನಲ್ಲಿ—ಇಂದಿನ ಟಾಸ್ಮೇನಿಯಾದಲ್ಲಿ—ಇಳಿಸಲ್ಪಟ್ಟ ಖೈದಿ. ಶಿಕ್ಷೆ ತೀರಿದ ಮೇಲೆ ವಿಕ್ಟೋರಿಯಾ ಪ್ರಾಂತಕ್ಕೆ ಬಂದು ಎಲೆನ್ ಕ್ವಿನ್ ಎಂಬ ಐರಿಷ್ ಹುಡುಗಿಯನ್ನು ಲಗ್ನವಾದನು. ಅವರ ಹಿರಿಯ ಮಗನೇ ಎಡ್ವರ್ಡ್, ಅಂದರೆ ನೆಡ್. ಹುಟ್ಟಿದ್ದು ಮೆಲ್ಬರ್ನಿನ ಉತ್ತರಕ್ಕಿರುವ ಬೆವರಿಜ್ ಎಂಬ ಹಳ್ಳಿಯಲ್ಲಿ, ಬಹುಶಃ ೧೮೫೪ರ ಕೊನೆಗೆ. ಕುಟುಂಬ ಮುಂದೆ ಅವೆನೆಲ್ ಎಂಬ ಊರಿಗೆ ಹೋಯಿತು. ಅಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ಬಿಡುವಂತಿಲ್ಲ. ಹ್ಯೂಸ್ ಕ್ರೀಕ್ ಎಂಬ ಹಳ್ಳದಲ್ಲಿ ಮುಳುಗುತ್ತಿದ್ದ ರಿಚರ್ಡ್ ಶೆಲ್ಟನ್ ಎಂಬ ಚಿಕ್ಕ ಹುಡುಗನನ್ನು ಹತ್ತು ಹನ್ನೊಂದು ವರ್ಷದ ನೆಡ್ ನೀರಿಗೆ ಹಾರಿ ಎತ್ತಿ ತಂದನು. ಆ ಹುಡುಗನ ತಂದೆತಾಯಿಗಳು ಕೃತಜ್ಞತೆಯಿಂದ ಚಿನ್ನದ ಬಣ್ಣದ ಅಂಚುಳ್ಳ ಹಸಿರು ರೇಷ್ಮೆಯ ನಡುಕಟ್ಟೊಂದನ್ನು ಅವನಿಗೆ ತೊಡಿಸಿದರು. ಕಥೆಗಾರನ ಕಲ್ಪನೆಯಂತೆ ತೋರುವ ಈ ಮಾತು ಅಕ್ಷರಶಃ ನಿಜ. ಹದಿನೈದು ವರ್ಷಗಳ ಮೇಲೆ ಗ್ಲೆನ್‌ರೋವನ್ನಿನಲ್ಲಿ ಅವನನ್ನು ಹಿಡಿದಾಗ ಕಬ್ಬಿಣದ ಕವಚದ ಕೆಳಗೆ ಅವನು ಅದೇ ನಡುಕಟ್ಟನ್ನು ಕಟ್ಟಿಕೊಂಡಿದ್ದನು. ರಕ್ತದ ಕಲೆಯೊಡನೆ ಅದು ಇಂದಿಗೂ ಬೆನಾಲ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

೧೮೬೬ರ ಕೊನೆಯಲ್ಲಿ ತಂದೆ ತೀರಿಕೊಂಡನು. ವಿಧವೆ ಎಲೆನ್ ಮಕ್ಕಳನ್ನು ಕಟ್ಟಿಕೊಂಡು ಗ್ರೆಟಾ ಎಂಬಲ್ಲಿಗೆ ಹೋಗಿ ಹಳ್ಳದ ದಡದಲ್ಲಿ ಒಂದು ತುಂಡು ಜಮೀನು ಹಿಡಿದಳು. ಆಗಿನ ಭೂಶಾಸನದ ಪ್ರಕಾರ ಬಡ ರೈತನು ಸರಕಾರದಿಂದ ಜಮೀನನ್ನು ಪಡೆದು ಕಂತಿನಲ್ಲಿ ಹಣ ಕಟ್ಟಿ ಒಡೆಯನಾಗಬಹುದಾಗಿತ್ತು. ಆದರೆ ಒಳ್ಳೆಯ ನೆಲ, ಒಳ್ಳೆಯ ನೀರು ಆಗಲೇ ದೊಡ್ಡ ಕುರಿದೊಡ್ಡಿಗಳ ಧನಿಗಳ ಕೈಸೇರಿದ್ದುವು. ಬಡವನ ದನ ಧನಿಯ ಹುಲ್ಲುಗಾವಲಿಗೆ ನುಗ್ಗಿದರೆ ದೊಡ್ಡಿಗೆ, ದೊಡ್ಡಿಯಿಂದ ಬಿಡಿಸಲು ದಂಡ, ದಂಡಕ್ಕೆ ಹಣವಿಲ್ಲದಿದ್ದರೆ ರಾತ್ರಿ ಕದ್ದು ಹೊಡೆದುಕೊಂಡು ಬರುವುದು. ಆ ಸೀಮೆಯಲ್ಲಿ ಕುದುರೆ ಕಳವು ಅರ್ಧ ಕಸುಬು, ಅರ್ಧ ಹಗೆ. ಕೆಲಿಗಳೂ ಅವರ ನಂಟರಾದ ಕ್ವಿನ್ನರೂ ಲಾಯ್ಡರೂ ಈ ಕಸುಬಿನಲ್ಲಿ ಕೈಯಾಡಿಸಿದವರೇ. ನೆಡ್ ಕೆಲಿಯನ್ನು ನಿರಪರಾಧಿಯಾದ ಹಳ್ಳಿಹುಡುಗನೆಂದು ಚಿತ್ರಿಸುವ ಸಿನಿಮಾಗಳು ಇಲ್ಲಿ ಮೊದಲ ತಪ್ಪು ಮಾಡುತ್ತವೆ. ಅವನು ಕುದುರೆಗಳನ್ನು ಕದ್ದುದುಂಟು. ಅದನ್ನು ಅವನೇ ಮುಂದೆ ಮುಚ್ಚುಮರೆಯಿಲ್ಲದೆ ಬರೆಯಿಸಿದನು.

ಆದರೆ ಅನ್ಯಾಯವೂ ಆಗಲಿಲ್ಲವೆಂದಲ್ಲ. ೧೮೭೧ರಲ್ಲಿ ವೈಲ್ಡ್ ರೈಟ್ ಎಂಬಾತನು ತಂದಿದ್ದ ಕುದುರೆಯ ಮೇಲೆ ಹದಿನಾರರ ನೆಡ್ ಸವಾರಿ ಮಾಡಿದನು. ಅದು ಕದ್ದ ಕುದುರೆ. ಕಳವು ನಡೆದಾಗ ನೆಡ್ ಬೇರೊಂದು ಅಪರಾಧಕ್ಕಾಗಿ ಸೆರೆಯಲ್ಲಿದ್ದುದರಿಂದ ಕದ್ದನೆನ್ನುವಂತಿರಲಿಲ್ಲ. ಕಳವಿನ ಮಾಲನ್ನು ಇಟ್ಟುಕೊಂಡನೆಂದು ಮೊಕದ್ದಮೆ ಹೂಡಿ ಮೂರು ವರ್ಷ ವಿಧಿಸಿದರು. ಕುದುರೆಯನ್ನು ತಂದ ರೈಟನಿಗೆ ಹದಿನೆಂಟು ತಿಂಗಳು! ೧೮೭೪ರಲ್ಲಿ ಹೊರಗೆ ಬಂದ ನೆಡ್ ಅದೇ ರೈಟನೊಡನೆ ಬೀಚ್‌ವರ್ತಿನಲ್ಲಿ ಇಪ್ಪತ್ತು ಸುತ್ತು ಮುಷ್ಟಿಯುದ್ಧ ಮಾಡಿ ಗೆದ್ದು, ಆಮೇಲೆ ಅವನ ಸ್ನೇಹಿತನಾದನು. ಮುಂದಿನ ಎರಡು ಮೂರು ವರ್ಷ ಮರ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದನು. ಬಳಿಕ ಹಳೆಯ ಕಸುಬಿಗೇ ಮರಳಿದನು.

ಎಲ್ಲವೂ ತಿರುಗಿದ್ದು ೧೮೭೮ರ ಏಪ್ರಿಲ್ ೧೫ರ ಸಂಜೆ. ಫಿಟ್ಸ್‌ಪ್ಯಾಟ್ರಿಕ್ ಎಂಬ ಪೋಲೀಸಿನವನು ನೆಡ್‌ನ ತಮ್ಮ ಡ್ಯಾನನನ್ನು ಹಿಡಿಯಲೆಂದು ಕೆಲಿಗಳ ಮನೆಗೆ ಒಬ್ಬನೇ ಹೋದನು. ಅಲ್ಲಿ ಒಂದು ಗಲಭೆಯಾಯಿತು. ನೆಡ್ ತನಗೆ ಗುಂಡು ಹಾರಿಸಿದನೆಂದೂ ಮಣಿಕಟ್ಟಿಗೆ ಪೆಟ್ಟಾಯಿತೆಂದೂ ಎಲೆನ್ ಸಲಿಕೆಯಿಂದ ತನ್ನ ತಲೆಗೆ ಹೊಡೆದಳೆಂದೂ ಅವನು ದೂರಿತ್ತನು. ಹಸುಗೂಸನ್ನು ಎದೆಗೆ ಒತ್ತಿಕೊಂಡಿದ್ದ ತಾಯಿಗೆ ನ್ಯಾಯಾಧೀಶ ರೆಡ್ಮಂಡ್ ಬ್ಯಾರಿ ಮೂರು ವರ್ಷ ಶಿಕ್ಷೆ ವಿಧಿಸಿದನು. ಫಿಟ್ಸ್‌ಪ್ಯಾಟ್ರಿಕ್ ಎಂಥವನೆಂಬುದಕ್ಕೆ, ೧೮೮೦ರಲ್ಲಿ ಪೋಲೀಸ್ ಇಲಾಖೆಯೇ ಅವನನ್ನು ನೌಕರಿಯಿಂದ ತೆಗೆದುಹಾಕಿತೆಂಬುದು ಸಾಕಾದ ಪ್ರಮಾಣ.

ಆ ಮನೆಯ ನಾಲ್ಕು ಗೋಡೆಗಳ ನಡುವೆ ಏನು ನಡೆಯಿತು? ಚಿತ್ರಗಳಿಗೆ ಈ ಪ್ರಶ್ನೆಯಲ್ಲಿ ಸಂದೇಹವೇ ಇಲ್ಲ. ೧೯೦೬ರ ಚಿತ್ರವೇ ಒಂದು ದಾರಿ ಹಾಕಿಕೊಟ್ಟಿತು: ಪೋಲೀಸಿನವನು ನೆಡ್‌ನ ತಂಗಿ ಕೇಟ್‌ಳ ಮೇಲೆ ಕೈಮಾಡಿದನು, ಅಣ್ಣನು ಮಾನರಕ್ಷಣೆಗೆ ನಿಂತನು. ಜನಕ್ಕೆ ಒಪ್ಪುವ ಕಾರಣ ಅದು. ತಂಗಿಯ ಮಾನಕ್ಕಾಗಿ ಕೋವಿ ಹಿಡಿದವನನ್ನು ಯಾರು ತಾನೇ ಪೂರ್ತಿಯಾಗಿ ದೂರಿಯಾರು? ಆದರೆ ಸೆರೆಯಾದ ಮೇಲೆ ಪತ್ರಿಕೆಯವರು ಈ ಮಾತನ್ನು ಕೇಳಿದಾಗ ನೆಡ್ ಕೆಲಿಯೇ ಅದನ್ನು ಬರಿಯ ಹುಚ್ಚು ಕಥೆಯೆಂದು ತಳ್ಳಿಹಾಕಿದನೆಂದು ವರದಿಯಾಗಿದೆ. ಕೇಟ್ ೧೮೯೮ರಲ್ಲಿಯೇ ತೀರಿಕೊಂಡಿದ್ದಳು. ಚಿತ್ರದವರಿಗೆ ಎದುರು ಹೇಳಲು ಅವಳಿರಲಿಲ್ಲ.

೨೦೦೩ರ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೀತ್ ಲೆಡ್ಜರ್ ನಾಯಕನಾಗಿದ್ದ ಆ ಚಿತ್ರದಲ್ಲಿ ಜೂಲಿಯಾ ಕುಕ್ ಎಂಬ ಶ್ರೀಮಂತನ ಹೆಂಡತಿಯೊಬ್ಬಳಿದ್ದಾಳೆ. ಗಲಭೆಯ ಹೊತ್ತಿನಲ್ಲಿ ನೆಡ್ ಅವಳ ಬಳಿ ಇದ್ದನು. ಸತ್ಯ ನುಡಿದರೆ ತನ್ನ ಮಕ್ಕಳು ಕೈತಪ್ಪಿಹೋಗುವರೆಂದು ಅವಳು ಬಾಯಿ ಬಿಡಲೊಲ್ಲಳು. ಇಂಥ ಹೆಂಗಸು ಇತಿಹಾಸದಲ್ಲಿಲ್ಲ. ಪ್ರೇಮಕಥೆ ಬೇಕೆಂದು ಒಂದು ಪಾತ್ರವನ್ನು ಸೇರಿಸಿದರೆ ನನ್ನಂಥವರ ತಕರಾರೇನೂ ಇಲ್ಲ. ಆದರೆ ಇಲ್ಲಿ ಆ ಪಾತ್ರ ಬರಿಯ ಅಲಂಕಾರವಲ್ಲ, ಸಾಕ್ಷಿ. ನೆಡ್ ಅಂದು ಮನೆಯಲ್ಲಿದ್ದನೇ ಇಲ್ಲವೇ ಎಂಬುದು ಇಡೀ ಮೊಕದ್ದಮೆಯ ಬುಡ. ತಾನು ನೂರಾರು ಮೈಲಿ ದೂರದಲ್ಲಿದ್ದೆನೆಂದು ಅವನು ಸಾಧಿಸಿದನು. ಆದರೆ ಅದೇ ಮೊಕದ್ದಮೆಯಲ್ಲಿ ಆರು ವರ್ಷ ಶಿಕ್ಷೆ ಹೊಂದಿದ ವಿಲಿಯಂಸನ್ ಎಂಬ ನೆರೆಯವನು ಮುಂದೆ ಹೇಳಿದ ಪ್ರಕಾರ ನೆಡ್ ಅಲ್ಲಿ ಇದ್ದುದೂ ನಿಜ, ಗುಂಡು ಹಾರಿದ್ದೂ ನಿಜ. ನ್ಯಾಯಾಲಯ ಬಿಡಿಸಲಾರದೆ ಹೋದ ಗಂಟನ್ನು ಒಬ್ಬ ಕಲ್ಪಿತ ಪ್ರೇಯಸಿಯಿಂದ ಬಿಡಿಸಿದುದು ಕಲೆಯ ಸ್ವಾತಂತ್ರ್ಯದ ಎಲ್ಲೆಯನ್ನು ಮೀರಿದ್ದೆಂದು ನನ್ನ ಭಾವನೆ.

ತಾಯಿ ಸೆರೆಮನೆಗೆ, ಮಕ್ಕಳಿಬ್ಬರು ಕಾಡಿಗೆ. ಜೋ ಬರ್ನ್, ಸ್ಟೀವ್ ಹಾರ್ಟ್ ಎಂಬ ಗೆಳೆಯರಿಬ್ಬರು ಅವರ ಜೊತೆಗೂಡಿದರು. ೧೮೭೮ರ ಅಕ್ಟೋಬರ್ ೨೬ರಂದು ಸ್ಟ್ರಿಂಗಿಬಾರ್ಕ್ ಕ್ರೀಕ್ ಎಂಬ ಕಾಡಿನ ಹಳ್ಳದ ಬಳಿ ಅವರನ್ನು ಹುಡುಕಿ ಬಂದ ನಾಲ್ವರು ಪೋಲೀಸರು ಡೇರೆ ಹಾಕಿದ್ದರು. ಸಂಜೆಯ ವೇಳೆಗೆ ಕೆನಡಿ, ಸ್ಕ್ಯಾನ್ಲನ್, ಲೋನಿಗನ್ ಎಂಬ ಮೂವರು ಸತ್ತಿದ್ದರು. ಮ್ಯಾಕಿಂಟೈರ್ ಎಂಬ ನಾಲ್ಕನೆಯವನು ಕೆನಡಿಯ ಕುದುರೆಯನ್ನೇರಿ ಪಾರಾದನು. ಲೋನಿಗನ್ ಮರದ ದಿಮ್ಮಿಯ ಹಿಂದೆ ಅಡಗಿ ತನ್ನ ಮೇಲೆ ಗುರಿಯಿಟ್ಟನೆಂದು ನೆಡ್ ಹೇಳಿದನು; ಅವನಿಗೆ ಪಿಸ್ತೂಲನ್ನು ಹೊರತೆಗೆಯಲೂ ವೇಳೆಯಿರಲಿಲ್ಲವೆಂದು ಮ್ಯಾಕಿಂಟೈರ್ ಸಾಕ್ಷ್ಯ ನುಡಿದನು. ಕೆನಡಿ ಮರಗಳ ಮರೆಯಿಂದ ಮರೆಗೆ ಸರಿಯುತ್ತ ಬಹುದೂರ ಕಾದಾಡಿ ಬಿದ್ದನು. ಬಿದ್ದವನ ಎದೆಗೆ ನೆಡ್ ಗುಂಡಿಟ್ಟನು. ನರಳಾಟವನ್ನು ನೋಡಲಾರದೆ ಹಾಗೆ ಮಾಡಿದೆನೆಂಬುದು ಅವನ ವಿವರಣೆ. ಆಮೇಲೆ ಅವನ ಗಡಿಯಾರವನ್ನು ತೆಗೆದುಕೊಂಡನು.

ಈ ಪ್ರಸಂಗದಲ್ಲಿ ಮೊದಲನೆಯ ಚಿತ್ರ ಮಾಡಿದ ಒಂದು ಬದಲಾವಣೆ ಅತಿ ಸಣ್ಣದು, ಪರಿಣಾಮ ದೊಡ್ಡದು. ಮೂಕಿಚಿತ್ರದಲ್ಲಿ ಯಾರು ಪೋಲೀಸರು, ಯಾರು ದರೋಡೆಕೋರರು ಎಂದು ನೋಡುವವರಿಗೆ ಗೊತ್ತಾಗಬೇಕೆಂದು ಪೋಲೀಸರಿಗೆಲ್ಲ ಸಮವಸ್ತ್ರ ತೊಡಿಸಿದರು. ಆದರೆ ಅಂದು ಕಾಡಿಗೆ ಹೋದ ನಾಲ್ವರೂ ಚಿನ್ನ ಹುಡುಕುವವರ ವೇಷದಲ್ಲಿ, ಸಾಧಾರಣ ಉಡುಪಿನಲ್ಲಿ ಹೋಗಿದ್ದರು. ತನ್ನನ್ನು ಹಿಡಿಯಲು ಬಂದವರಲ್ಲ, ಕಂಡಲ್ಲಿ ಕೊಲ್ಲಲು ಬಂದವರು ಎಂಬ ನೆಡ್‌ನ ವಾದಕ್ಕೆ ಆ ಮಾರುವೇಷವೂ ಒಂದು ಊರೆಗೋಲಾಗಿತ್ತು. ದರ್ಜಿಯ ಒಂದು ಅಂಗಿ ಆರೋಪಿಯ ಸಮರ್ಥನೆಯ ಒಂದು ಭಾಗವನ್ನೇ ಅಳಿಸಿಹಾಕಿತು. ಬೇಕೆಂದು ಮಾಡಿದ್ದಲ್ಲ, ಅನುಕೂಲಕ್ಕೆಂದು ಮಾಡಿದ್ದು.

ಈಚಿನ ಚಿತ್ರಗಳ ತಪ್ಪು ಇದಕ್ಕೆ ವ್ಯತಿರಿಕ್ತವಾದುದು. ಅವು ಈ ಕಥೆಯನ್ನು ಆಂಗ್ಲರ ದಬ್ಬಾಳಿಕೆಗೂ ಐರಿಷ್ ಬಡವರ ಸ್ವಾಭಿಮಾನಕ್ಕೂ ನಡೆದ ಯುದ್ಧವೆಂಬಂತೆ ಹೆಣೆಯುತ್ತವೆ. ಸತ್ತ ಪೋಲೀಸರು ಮೂವರೂ ಐರ್ಲೆಂಡಿನಲ್ಲಿ ಹುಟ್ಟಿದವರು! ಓಡಿ ಪಾರಾದ ಮ್ಯಾಕಿಂಟೈರನೂ ಅಲ್ಲಿಯವನೇ. ಕೆನಡಿಯೂ ಲೋನಿಗನನೂ ಹೆಂಡತಿ ಮಕ್ಕಳುಳ್ಳವರು. ಎಲೆನ್ ಕೆಲಿಯ ಕಣ್ಣೀರಿಗೆ ತೆರೆಯಲ್ಲಿ ಸ್ಥಳವುಂಟು. ಆ ವಿಧವೆಯರ ಕಣ್ಣೀರಿಗೆ ಸಾಮಾನ್ಯವಾಗಿ ಇಲ್ಲ. ಮ್ಯಾನ್ಸ್‌ಫೀಲ್ಡ್ ಊರಿನ ನಡುವೆ ಆ ಮೂವರಿಗೆ ಸಾರ್ವಜನಿಕರು ಚಂದಾ ಎತ್ತಿ ನಿಲ್ಲಿಸಿದ ಸ್ಮಾರಕವಿದೆ.

ಬಳಿಕ ಎರಡು ಬ್ಯಾಂಕುಗಳ ದರೋಡೆ. ೧೮೭೮ರ ಡಿಸೆಂಬರಿನಲ್ಲಿ ಯುರೋವದಲ್ಲಿ ಎರಡು ಸಾವಿರ ಪೌಂಡಿಗೂ ಹೆಚ್ಚು. ೧೮೭೯ರ ಫೆಬ್ರುವರಿಯಲ್ಲಿ ಗಡಿಯಾಚೆ ಜೆರಿಲ್ಡರಿಯಲ್ಲಿ ಹೆಚ್ಚುಕಡಿಮೆ ಅಷ್ಟೇ. ಜೆರಿಲ್ಡರಿಯಲ್ಲಿ ಅವರು ಪೋಲೀಸರನ್ನು ಅವರದೇ ಠಾಣೆಯ ಕೊಠಡಿಯಲ್ಲಿ ಕೂಡಿಹಾಕಿ, ಅವರದೇ ಸಮವಸ್ತ್ರ ತೊಟ್ಟು ಊರಲ್ಲಿ ಓಡಾಡಿದರು. ಇದು ಯಾವ ಚಿತ್ರಕಾರನ ಕಲ್ಪನೆಯೂ ಅಲ್ಲ. ಈ ದರೋಡೆಗಳಲ್ಲಿ ಒಂದು ಜೀವವೂ ಹೋಗಲಿಲ್ಲ. ಬಡವರ ಸಾಲಪತ್ರಗಳನ್ನು ಸುಟ್ಟು ಅವರನ್ನು ಋಣಮುಕ್ತರನ್ನಾಗಿಸಿದನೆಂಬ ಕಥೆ ಹುಟ್ಟಿದ್ದು ಇಲ್ಲಿಯೇ; ಅವನು ಬ್ಯಾಂಕಿನ ಕೆಲವು ಪುಸ್ತಕಗಳನ್ನು ಸುಟ್ಟದ್ದು ನಿಜ, ಉಳಿದುದು ಜನರ ಆಸೆ.

ಹಣಕ್ಕಿಂತ ಹೆಚ್ಚಿನದೊಂದು ವಸ್ತುವನ್ನು ಅವನು ಜೆರಿಲ್ಡರಿಗೆ ತಂದಿದ್ದನು—ಒಂದು ಕಾಗದ. ಜೋ ಬರ್ನ್‌ನ ಕೈಯಲ್ಲಿ ಬರೆಯಿಸಿದ, ಐವತ್ತಾರು ಪುಟಗಳ, ಎಂಟು ಸಾವಿರದಷ್ಟು ಶಬ್ದಗಳ ಉಕ್ತಲೇಖನ. ಅದರಲ್ಲಿ ಪೂರ್ಣವಿರಾಮಗಳು ಕಡಿಮೆ. ಸಿಟ್ಟು, ಹಾಸ್ಯ, ಬೈಗುಳು, ಅಹವಾಲು ಒಂದರಮೇಲೊಂದು ಉರುಳುತ್ತವೆ. ಅದನ್ನು ಅಚ್ಚು ಹಾಕಿಸಬೇಕೆಂದು ಅವನ ಹಟ. ಊರಿನ ಪತ್ರಿಕಾಸಂಪಾದಕನು ಹೆದರಿ ಓಡಿಹೋಗಿದ್ದನು. ಬ್ಯಾಂಕಿನ ಲೆಕ್ಕಿಗನೊಬ್ಬನು ಅಚ್ಚು ಹಾಕಿಸುವೆನೆಂದು ಮಾತುಕೊಟ್ಟು ತೆಗೆದುಕೊಂಡನು, ಹಾಕಿಸಲಿಲ್ಲ. ಅದು ಪೂರ್ತಿಯಾಗಿ ಬೆಳಕು ಕಂಡದ್ದು ೧೯೩೦ರಲ್ಲಿ. ಆದುದರಿಂದ ಅದಕ್ಕೆ ಹಿಂದಿನ ಚಿತ್ರಗಳೆಲ್ಲ ಆರೋಪಿಯ ಹೇಳಿಕೆಯನ್ನು ಓದದೆಯೇ ಅವನ ಪರವಾಗಿಯೋ ವಿರುದ್ಧವಾಗಿಯೋ ತೀರ್ಪಿತ್ತುವೆಂದಾಯಿತು. ಪೀಟರ್ ಕೇರಿ ೨೦೦೦ದಲ್ಲಿ ಬರೆದು ಮರುವರ್ಷ ಬೂಕರ್ ಬಹುಮಾನ ಪಡೆದ ಕಾದಂಬರಿಯ ಧಾಟಿಗೆ ಈ ಕಾಗದವೇ ಮೂಲ. ಆ ಕಾದಂಬರಿಯಿಂದ ಜಸ್ಟಿನ್ ಕರ್ಜೆಲ್ ೨೦೧೯ರಲ್ಲಿ ತೆಗೆದ ಚಿತ್ರದ ಹೆಸರಿನಲ್ಲಿ ‘ನಿಜವಾದ ಇತಿಹಾಸ’ವೆಂದಿದೆ, ಆದರೆ ಮುಂದೆ ನೋಡುವುದಾವುದೂ ನಿಜವಲ್ಲವೆಂದು ಚಿತ್ರವೇ ಮೊದಲಲ್ಲಿ ಸಾರುತ್ತದೆ. ಇಂಥ ಪ್ರಾಮಾಣಿಕತೆ ಈ ಬಗೆಯ ಚಿತ್ರಗಳಲ್ಲಿ ಅಪರೂಪ.

ಸರಕಾರ ನಾಲ್ವರ ತಲೆಗೆ ಎಂಟು ಸಾವಿರ ಪೌಂಡು ಬೆಲೆ ಕಟ್ಟಿತು. ಅವರ ಇಪ್ಪತ್ತಕ್ಕೂ ಹೆಚ್ಚು ಹಿತೈಷಿಗಳನ್ನು ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಸೆರೆಯಲ್ಲಿಟ್ಟಿತು. ಇದರಿಂದ ಕೆಲಿಗಳ ಕಡೆಯವರು ಹೆಚ್ಚಿದರೇ ಹೊರತು ಕಡಿಮೆಯಾಗಲಿಲ್ಲ. ಈ ನಡುವೆ ಊರೂರಿನಲ್ಲಿ ಉಕ್ಕಿನ ನೇಗಿಲುಗಳ ಭಾಗಗಳು ಮಾಯವಾಗತೊಡಗಿದುವು. ಮಣ್ಣು ಮಗುಚುವ ಆ ದಪ್ಪ ಹಲಗೆಗಳನ್ನು ಕಾಸಿ, ಬಡಿದು, ನಾಲ್ಕು ಕವಚಗಳನ್ನು ಮಾಡಿದರು. ನೆಡ್‌ನ ಕವಚದ ತೂಕ ಸುಮಾರು ೪೪ ಕಿಲೋಗ್ರಾಂ.

೧೮೮೦ರ ಜೂನ್ ೨೬ರ ರಾತ್ರಿ ಹಳೆಯ ಗೆಳೆಯನಾದ ಆರನ್ ಶೆರಿಟ್ ಪೋಲೀಸರಿಗೆ ಸುದ್ದಿ ಕೊಡುತ್ತಿದ್ದಾನೆಂದು ನಂಬಿ ಜೋ ಬರ್ನ್ ಅವನ ಮನೆಬಾಗಿಲಲ್ಲೇ ಅವನನ್ನು ಕೊಂದನು. ಒಳಗೆ ಅವಿತಿದ್ದ ನಾಲ್ವರು ಪೋಲೀಸರು ಬೆಳಗಾಗುವವರೆಗೂ ಹೊರಬರಲಿಲ್ಲ. ಸುದ್ದಿ ತಿಳಿದು ಮೆಲ್ಬರ್ನಿನಿಂದ ಪೋಲೀಸರ ವಿಶೇಷ ರೈಲು ಬಂದೇ ಬರುವುದೆಂದು ಎಣಿಸಿದ ನೆಡ್, ಗ್ಲೆನ್‌ರೋವನ್ ನಿಲ್ದಾಣದ ಆಚೆಯ ತಿರುವಿನಲ್ಲಿ ಹಳಿಗಳನ್ನು ಕೀಳಿಸಿದನು. ಈ ಸಂಗತಿಯನ್ನು ಎಷ್ಟು ಮೃದುಮಾಡಿ ಹೇಳಿದರೂ, ಅದು ಗಾಡಿ ತುಂಬ ಜನರನ್ನು ಕೊಲ್ಲುವ ಸಿದ್ಧತೆ. ಸುಮಾರು ಅರವತ್ತು ಮಂದಿ ಊರವರನ್ನು ಆನ್ ಜೋನ್ಸ್ ಎಂಬ ಹೆಂಗಸಿನ ಹೋಟೆಲಿನಲ್ಲಿ ಕೂಡಿಹಾಕಿ, ಅವರೊಡನೆ ಹಾಡಿ ಕುಣಿದು ಕಾಲ ಕಳೆದರು. ರೈಲು ಬರಲು ತಡವಾಯಿತು. ಕುಂಟನಾದ ಶಾಲಾ ಉಪಾಧ್ಯಾಯ ಥಾಮಸ್ ಕರ್ನೋ ನೆಡ್‌ನ ವಿಶ್ವಾಸ ಗಳಿಸಿ, ಕಾಹಿಲೆಯ ಹೆಂಡತಿಯ ಬಳಿಗೆ ಹೋಗಬೇಕೆಂದು ಅಪ್ಪಣೆ ಪಡೆದು ಹೊರಟನು. ಹೊರಟವನು ಮೋಂಬತ್ತಿ ಹಚ್ಚಿ, ಅದರ ಮುಂದೆ ಕೆಂಪು ವಸ್ತ್ರ ಹಿಡಿದು, ಕತ್ತಲಲ್ಲಿ ಹಳಿಯ ಪಕ್ಕ ನಿಂತು ರೈಲನ್ನು ತಡೆದನು. ಇಡೀ ಕಥೆಯಲ್ಲಿ ಕೋವಿಯಿಲ್ಲದ ಧೀರನೆಂದರೆ ಈ ಮೇಷ್ಟ್ರು. ತೆರೆಯ ಮೇಲೆ ಅವನನ್ನು ಬಹಳ ಸಲ ಹೇಡಿಯಾಗಿಯೋ ದ್ರೋಹಿಯಾಗಿಯೋ ಚಿತ್ರಿಸಿರುವುದು ವಿಷಾದದ ಮಾತು.

ಮುತ್ತಿಗೆಯ ವಿವರಗಳು ನಮಗೆ ಚೆನ್ನಾಗಿ ತಿಳಿದಿವೆ, ಏಕೆಂದರೆ ಅದೇ ರೈಲಿನಲ್ಲಿ ಪತ್ರಿಕಾ ಬಾತ್ಮೀದಾರರೂ ಒಬ್ಬ ಚಿತ್ರಕಾರನೂ ಬಂದಿದ್ದರು. ಜೋ ಬರ್ನ್ ಗುಂಡಿಗೆ ಬಿದ್ದನು. ನಸುಕಿನ ಮಂಜಿನಲ್ಲಿ ನೆಡ್ ಪೋಲೀಸರ ಬೆನ್ನ ಹಿಂದಿನಿಂದ ಕಬ್ಬಿಣದ ತಲೆಯೊಡನೆ ನಡೆದು ಬಂದಾಗ ಕೆಲವರು ಭೂತವೆಂದು ಬೆದರಿದರು. ಕವಚ ಕಾಲುಗಳನ್ನು ಮುಚ್ಚಿರಲಿಲ್ಲ. ಕಾಲಿಗೇ ಹೊಡೆದು ಕೆಡವಿದರು. ಮಧ್ಯಾಹ್ನ ಪೋಲೀಸರು ಹೋಟೆಲಿಗೆ ಬೆಂಕಿಯಿಟ್ಟರು. ಗಿಬ್ನಿ ಎಂಬ ಪಾದ್ರಿ ಉರಿಯೊಳಗೆ ನುಗ್ಗಿ ನೋಡಿದಾಗ ಡ್ಯಾನ್ ಮತ್ತು ಸ್ಟೀವ್ ಆಗಲೇ ಸತ್ತು ಬಿದ್ದಿದ್ದರು. ಹೇಗೆ ಸತ್ತರೆಂಬುದು ನಿಷ್ಕರ್ಷೆಯಾಗಲೇ ಇಲ್ಲ. ಆ ಶೂನ್ಯವನ್ನು ಒಂದೊಂದು ಚಿತ್ರವೂ ತನ್ನಿಷ್ಟದಂತೆ ತುಂಬಿಕೊಂಡಿದೆ. ಆದರೆ ಹೋಟೆಲಿನೊಡತಿಯ ಹದಿಮೂರು ವರ್ಷದ ಮಗನೂ ಮಾರ್ಟಿನ್ ಚೆರಿ ಎಂಬ ಮುದುಕನೂ ಪೋಲೀಸರ ಗುಂಡಿನಿಂದ ಸತ್ತುದರಲ್ಲಿ ಸಂದೇಹವಿಲ್ಲ. ೨೦೦೩ರ ಚಿತ್ರ ಈ ಮುತ್ತಿಗೆಗೆ ಒಂದು ಸರ್ಕಸ್ಸಿನ ಪ್ರಾಣಿಗಳನ್ನೂ ತಂದು ಸೇರಿಸಿತು. ಸತ್ತ ಹುಡುಗನಿಗಿಂತ ಸಿಂಹ ಹೆಚ್ಚು ಮರುಕ ಹುಟ್ಟಿಸೀತೆಂದು ಯಾರಿಗೆ ತೋರಿತೋ ಕಾಣೆ.

ವಿಚಾರಣೆ ಅಕ್ಟೋಬರ್ ೨೮, ೨೯—ಎರಡೇ ದಿನ. ಲೋನಿಗನನ ಕೊಲೆಯೊಂದೇ ಆರೋಪ, ಮ್ಯಾಕಿಂಟೈರನೇ ಮುಖ್ಯ ಸಾಕ್ಷಿ, ತಾಯಿಯನ್ನು ಸೆರೆಗೆ ಕಳುಹಿಸಿದ ರೆಡ್ಮಂಡ್ ಬ್ಯಾರಿಯೇ ನ್ಯಾಯಾಧೀಶ. ಆರೋಪಿ ತಾನೇ ಪ್ರಮಾಣ ಮಾಡಿ ಸಾಕ್ಷ್ಯ ನುಡಿಯುವುದಕ್ಕೆ ಆಗಿನ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಅವನ ವಕೀಲನು ಅನುಭವವಿಲ್ಲದವನು. ಶಿಕ್ಷೆ ವಿಧಿಸುವಾಗ ಖೈದಿಗೂ ನ್ಯಾಯಾಧೀಶನಿಗೂ ದೀರ್ಘವಾದ ವಾಗ್ವಾದ ನಡೆದು, ತಾನು ಹೋಗುವಲ್ಲಿ ನಿಮ್ಮನ್ನು ಕಾಣುವೆನೆಂಬ ಅರ್ಥದ ಮಾತನ್ನು ನೆಡ್ ಆಡಿದನು. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿದ ಅರ್ಜಿ ವ್ಯರ್ಥವಾಯಿತು. ನವೆಂಬರ್ ೧೧ರಂದು ಅವನನ್ನು ಗಲ್ಲಿಗೇರಿಸಿದರು; ಅವನ ತಾಯಿ ಆಗ ಅದೇ ಸೆರೆಮನೆಯಲ್ಲಿ ಖೈದಿಯಾಗಿದ್ದಳು. ಅವನ ಕೊನೆಯ ಮಾತೆಂದು ಲೋಕಪ್ರಸಿದ್ಧವಾದ, ಬಾಳು ಇಷ್ಟೇ ಎಂಬರ್ಥದ ಚಿಕ್ಕ ವಾಕ್ಯದ ವಿಷಯದಲ್ಲಿ ಅಂದಿನ ಬಾತ್ಮೀದಾರರಲ್ಲೇ ಒಮ್ಮತವಿಲ್ಲ. ಹನ್ನೆರಡು ದಿನಗಳ ಬಳಿಕ ಬ್ಯಾರಿ ತೀರಿಕೊಂಡನು. ಚಿತ್ರಕಥೆಯಲ್ಲಿ ಹೀಗೆ ಬರೆದಿದ್ದರೆ ಇದು ಅತಿಯಾಯಿತೆಂದು ನಾವೇ ಮೂಗು ಮುರಿಯುತ್ತಿದ್ದೆವು. ಆ ಬ್ಯಾರಿಯೇ ಸ್ಥಾಪಕರಲ್ಲಿ ಪ್ರಮುಖನಾಗಿದ್ದ ಮೆಲ್ಬರ್ನಿನ ಸಾರ್ವಜನಿಕ ಪುಸ್ತಕಭಂಡಾರದಲ್ಲಿ ಇಂದು ನೆಡ್ ಕೆಲಿಯ ಕವಚವೂ ಜೆರಿಲ್ಡರಿಯ ಕಾಗದವೂ ಇವೆ.

೧೮೮೧ರಲ್ಲಿ ಸರಕಾರ ನೇಮಿಸಿದ ವಿಚಾರಣಾ ಆಯೋಗ ಪೋಲೀಸರ ನಡತೆಯನ್ನು ಕಟುವಾಗಿ ಖಂಡಿಸಿತು. ತೆರೆಯ ಚರಿತ್ರೆಯಾದರೋ ಬೇರೆಯ ದಾರಿ ಹಿಡಿಯಿತು. ೧೯೦೭ರಲ್ಲಿ ಬೆನಾಲ, ವಾಂಗರಾಟ ಊರುಗಳಲ್ಲಿ ಟೇಟ್‌ನ ಚಿತ್ರವನ್ನು ತೋರಿಸಬಾರದೆಂದು ನಿರ್ಬಂಧವಾಯಿತು. ಕೆಲಿಗಳ ಊರುಗಳ ಸುತ್ತ ಹಳೆಯ ಹಗೆ ಮತ್ತೆ ಹೊತ್ತೀತೆಂಬ ಭಯ. ೧೯೧೨ರಲ್ಲಿ ನ್ಯೂ ಸೌತ್ ವೇಲ್ಸ್ ಅಧಿಕಾರಿಗಳು ದರೋಡೆಕೋರರ ಚಿತ್ರಗಳನ್ನೆಲ್ಲ ನಿಷೇಧಿಸಿದರು. ೧೯೭೦ರಲ್ಲಿ ಇಂಗ್ಲೆಂಡಿನ ಗಾಯಕ ಮಿಕ್ ಜಾಗರ್ ನೆಡ್ ಆದನು. ಸಾಧಾರಣ ಚಿತ್ರ, ಹೆಚ್ಚು ಹೇಳಬೇಕಾದುದಿಲ್ಲ. ನಿಜವಾದ ನೆಡ್‌ನ ಎಲುಬುಗಳನ್ನು ಸೆರೆಮನೆಯ ನೆಲದಿಂದ ೧೯೨೯ರಲ್ಲಿ ಅಗೆದು ಪೆಂಟ್ರಿಜ್ ಸೆರೆಮನೆಗೆ ಸಾಗಿಸಿದ್ದರು. ೨೦೧೧ರಲ್ಲಿ ವಿಜ್ಞಾನಿಗಳು ಅವುಗಳನ್ನು ಗುರುತಿಸಿದರು. ತಲೆಬುರುಡೆ ಮಾತ್ರ ಇರಲಿಲ್ಲ. ೨೦೧೩ರ ಜನವರಿಯಲ್ಲಿ ಗ್ರೆಟಾದ ಸ್ಮಶಾನದಲ್ಲಿ, ೧೯೨೩ರಲ್ಲಿ ತೀರಿಕೊಂಡ ತಾಯಿಯ ಹತ್ತಿರ, ಗುರುತು ಕಲ್ಲಿಲ್ಲದ ಗುಂಡಿಯಲ್ಲಿ ಅವನ್ನು ಹೂಳಲಾಯಿತು.

ಒಂದು ಗಂಟೆಗೂ ಮಿಕ್ಕಿದ್ದ ಆ ಮೊದಲ ಚಿತ್ರದಲ್ಲಿ ಇಂದು ಉಳಿದಿರುವುದು ಹದಿನೇಳು ನಿಮಿಷಗಳಷ್ಟು. ಕವಚಧಾರಿ ನೆಡ್ ಮುನ್ನಡೆದು ಬರುವ ದೃಶ್ಯ ಅದರಲ್ಲಿದೆ. ಹಳೆಯ ರೀಲು ಕೊಳೆತು ಚಿತ್ರದ ಮೇಲೆಲ್ಲ ಗುಳ್ಳೆ ಎದ್ದಿವೆ. ಆ ಬಿಳಿಯ ಕಲೆಗಳ ನಡುವೆ ಕರಿಯ ಆಕೃತಿಯೊಂದು ತೂರಾಡುತ್ತ ಬರುತ್ತದೆ, ಕೈಯೆತ್ತಿ ಗುಂಡು ಹಾರಿಸುತ್ತದೆ, ಬೀಳುತ್ತದೆ. ಮುಖ ಕಾಣುವುದಿಲ್ಲ.